ಗುಳುಗುಳು ಅನ್ನದ ಡ್ರಮ್ಮು

"ಕೈ ತೆಗಿ!"

ನಾನು ಕೂಗಿದ ರಭಸಕ್ಕೆ ಸ್ಟೋರ್ ರೂಮಿನ ಹಂಚಿನ ಸಂದಿಯಲ್ಲಿದ್ದ ಗುಬ್ಬಿಗಳು ಪುರ್ರನೆ ಹಾರಿದವು. ಅಬಕಾರಿ ಇನ್ಸ್‌ಪೆಕ್ಟರ್ ಚಂದನ್ ಮಾತ್ರ ಕೈ ತೆಗೆಯಲಿಲ್ಲ. ಗೋಣಿಚೀಲ ಸುತ್ತಿದ್ದ ಡ್ರಮ್ಮಿನ ಹಿಂದಕ್ಕೆ, ಗೋಡೆಯ ಕಡೆಗೆ ಕೈ ತೂರಿಸಿ, ಅಲ್ಲಿದ್ದ ನಲ್ಲಿಯ ಕಿವಿ ಹಿಡಿದು ನಿಂತಿದ್ದ. ಇನ್ನರ್ಧ ಸುತ್ತು ತಿರುಗಿಸಿದ್ದರೆ ಡ್ರಮ್ಮಿನಲ್ಲಿ ಇದ್ದದ್ದೆಲ್ಲ ನೆಲದ ಪಾಲು.

"ಸಾರ್, ಕಳ್ಳಭಟ್ಟಿ ಕೊಳೆ ಸಿಕ್ಕಿದ ಜಾಗದಲ್ಲೇ ನಾಶ ಮಾಡ್ಬೇಕು ಅಂತ ನನಗೆ ಕಲಿಸಿದ್ದೇ ನೀವು" ಅಂದ.

"ಕೊಳೆ ಅಂತ ಖಾತ್ರಿಯಾದ ಮೇಲೆ ನಾಶ ಮಾಡು ಅಂದಿದ್ದೆ ಕಣಯ್ಯಾ. ಮೂಸಿ ಸಹ ನೋಡದೆ ಸುರಿ ಅಂದಿದ್ನಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರ ಜಾತಿಗೆ ಯಾವಾಗ ಸೇರ್ದೆ ನೀನು?"

ಅವನು ನಿಧಾನವಾಗಿ ಕೈ ಹಿಂದಕ್ಕೆ ಎಳೆದುಕೊಂಡ. ಆದರೆ ಬಾಗಿಲಿಗೆ ಅಡ್ಡವಾಗಿ ನಿಂತ ಜಾಗ ಬಿಡಲಿಲ್ಲ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕರಿಯಪ್ಪ ಶನಿವಾರ ಸಂಜೆ ಕಾಫಿ ಕಣದ ಶೆಡ್ಡಿನಲ್ಲಿ ಬಾಯಲ್ಲಿ ನೊರೆ ಕಾರಿಕೊಂಡು ಬಿದ್ದಿದ್ದ. ಪಕ್ಕದಲ್ಲಿ ಅರ್ಧ ಖಾಲಿಯಾದ ಬಿಯರ್ ಬಾಟಲಿ. ಈಗ ಹಾಸನದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಬಿಯರ್ ಮಾಡಿದವಳು ಎಸ್ಟೇಟಿನ ಯಜಮಾನಿ ದೀಪಶ್ರೀ. ಸಂಜೆಯೊಳಗೆ ಪೊಲೀಸರು ಬಂದು ಅವಳನ್ನು ಕರೆದುಕೊಂಡು ಹೋಗುವುದು ಎಂದು ಆಗಿಬಿಟ್ಟಿತ್ತು.

ಅವಳು ತಪ್ಪು ಮಾಡಿಲ್ಲ ಎಂದು ಹೇಳಬಲ್ಲ ಸಾಕ್ಷಿ ಈ ಡ್ರಮ್ಮು ಒಂದೇ. ಅದನ್ನೇ ಸುರಿಯಲು ಬಂದಿದ್ದ ನನ್ನ ಶಿಷ್ಯೋತ್ತಮ!

ನನ್ನ ಹೆಸರು ರುದ್ರಯ್ಯ. ಅಬಕಾರಿ ಇಲಾಖೆಯಲ್ಲಿ ಕೂದಲು ಹಣ್ಣು ಮಾಡಿಕೊಂಡು, ಈಗ ಆಲೂರಿನಲ್ಲಿ ಬಸಳೆ ಚಪ್ಪರಕ್ಕೆ ನೀರು ಹಾಕಿಕೊಂಡಿರುವವನು. ಕೊರಳಲ್ಲಿ ಲಿಂಗ ಇರುವವನು, ಒಂದು ತೊಟ್ಟು ಹೆಂಡ ನಾಲಗೆಗೆ ಸೋಕಿಸಿಲ್ಲ. ಆದರೆ ಬಿಸಲೆ ಕಾಡಿನಿಂದ ದೋಣಿಗಲ್ ಕಣಿವೆಯವರೆಗೆ ಭಟ್ಟಿಗೆಂದು ಹುಳಿಯಲು ಹೂತಿಟ್ಟ ಬೆಲ್ಲದ ಕೊಳೆಯ ಮಡಕೆಗಳನ್ನು ಮೂಗಿನಿಂದಲೇ ಹುಡುಕಿದವನು. ಬೆಳಗಿನ ಮೊದಲ ಬಸ್ಸಿಗೆ ಈ ಮನೆಯ ಅಡುಗೆಯ ದೇವೀರಮ್ಮ ನನ್ನ ಜಗುಲಿಗೆ ಬಂದು ಕೂತು, "ನಮ್ ದೀಪಮ್ಮನ್ನ ಉಳುಸ್ಕೊಡ್ತೀನಿ ಅನ್ನೋಗಂಟ ನಾನು ಏಳಾಕಿಲ್ಲ" ಎಂದು ಹಟ ಹಿಡಿದು, ನನ್ನನ್ನು ಹೊಂಗಡಹಳ್ಳದ ಈ ತೋಟಕ್ಕೆ ಎಳೆದು ತಂದಿದ್ದಳು.

"ನೀನು ಇಲ್ಲಿಗೆ ಎಷ್ಟನೇ ಸಲ ಬರ್ತಿರೋದು?" ಎಂದು ಚಂದನ್‌ನನ್ನು ಕೇಳಿದೆ.

"ಇದೇ ಮೊದಲು ಸಾರ್. ಈ ಎಸ್ಟೇಟಿನ ಗೇಟನ್ನೇ ಇವತ್ತು ನೋಡಿದ್ದು."

"ಮತ್ತೆ ಸುರಿಯೋಕೆ ಏನಪ್ಪಾ ಅಷ್ಟು ಆತುರ?"

"ಆಕೆನೇ ಒಪ್ಕೊಂಡಿದಾರೆ ಸಾರ್." ಮಡಿಚಿದ ಕಾಗದವೊಂದನ್ನು ಜೇಬಿನಿಂದ ತೆಗೆದ. "'ಬಿಯರ್ ಕೆಟ್ಟುಹೋಗಿತ್ತು, ನನಗೆ ಮೊದಲೇ ಗೊತ್ತಿತ್ತು.' ಹೇಳಿಕೆ, ಸಹಿ ಸಮೇತ. ಕೆಟ್ಟಿದ್ದು ಗೊತ್ತಿದ್ದೂ ರೈಟರ್‌ಗೆ ಕುಡಿಸಿದಾರೆ. ಇನ್ನೇನು ಬೇಕು?"

ಮೂಲೆಯಲ್ಲಿ ಕಾಫಿ ಮೂಟೆಯ ಮೇಲೆ ಕೂತಿದ್ದ ದೀಪಶ್ರೀ ತಟ್ಟನೆ ಎದ್ದಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

"ನಾನು ಹಂಗೆ ಹೇಳ್ಲಿಲ್ಲ ಸಾರ್! ಬಿಯರ್ ಸರಿಯಾಗಿ ಬಂದಿಲ್ವೇನೋ, ಕೆಟ್ಟೋಯ್ತೇನೋ ಅಂತ ನನಗೆ ಮೊದಲಿಂದಾನೂ ಅನುಮಾನ ಇತ್ತು ಅಂದೆ. ಮೊದಲ ಸಲ ಮಾಡ್ತಿರೋಳು, ಭಯ ಇರಲ್ವಾ? ಅದನ್ನ ಇವರು ಹಿಂಗೆ ಬರ್ಕೊಂಡ್ರು."

ನನ್ನ ಮೈ ಉರಿದುಹೋಯಿತು. ಮೊದಲ ಸಲ ಹೋಳಿಗೆ ಮಾಡಿದವಳು ಕಣಕ ಹದ ಬಂದಿಲ್ವೇನೋ ಅಂದರೆ, ಗಂಡನಿಗೆ ವಿಷ ಹಾಕಿದ್ದೇನೆ ಎಂದು ಒಪ್ಪಿಕೊಂಡ ಹಾಗಾಯಿತೇ? ಹೊಸಬಳ ಅಳುಕನ್ನು ಕೊಲೆಗಡುಕಿಯ ತಪ್ಪೊಪ್ಪಿಗೆ ಮಾಡಿದ್ದರಲ್ಲ, ಇವರ ಕೈಗೆ ಪೆನ್ನು ಕೊಟ್ಟವರನ್ನು ಮೊದಲು ಹಿಡಿಯಬೇಕು.

"ಹೇಳು ಮಗಳೇ, ಕೆಟ್ಟೋಗಿದೆ ಅಂತ ಯಾಕನ್ನಿಸ್ತು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಡ್ರಮ್ಮಿನ ಹತ್ತಿರ ಬಂದಳು. ಕುಡಿಯುವ ನೀರಿಗೆ ಇಡುವಂಥ ಬಿಳಿ ಪ್ಲಾಸ್ಟಿಕ್ ಡ್ರಮ್ಮು, ಬುಡದಲ್ಲಿ ನಲ್ಲಿ. ಚಳಿಗೆಂದು ಸುತ್ತಲೂ ಗೋಣಿ, ಗೋಣಿಯೊಳಗೆ ಕಾಫಿ ಹೊಟ್ಟು. ಮುಚ್ಚಳದ ಮೇಲೆ ಬೆರಳುದ್ದದ ಬಾಗಿದ ಗಾಜಿನ ನಳಿಗೆ, ಅದರಲ್ಲಿ ಚೂರು ನೀರು.

ಅವಳ ಹೋಂಸ್ಟೇಗೆ ಬಂದಿದ್ದ ಬಿಳಿಯರ ಜೋಡಿಯೊಂದು ಹೋಗುವಾಗ ಆ ನಳಿಗೆ, ಬಿಯರಿನ ಪಾಕದ ಡಬ್ಬಿ, ಹುದುಗು ಬರಿಸುವ ಈಸ್ಟಿನ ಪೊಟ್ಟಣ, ಹದ ಅಳೆಯುವ ಗಾಜಿನ ಕಡ್ಡಿ, ಮತ್ತೆ ತಂತಿ ಕೊಕ್ಕೆಯ ಪಿಂಗಾಣಿ ಬಿರಡೆ ಇರುವ ಆರು ಬಾಟಲಿ ಕೊಟ್ಟು ಹೋಗಿತ್ತು. ಹೋದ ಸೋಮವಾರ ಬೆಳಿಗ್ಗೆ ಪಾಕ ಕಲಸಿ, ಈಸ್ಟ್ ಹಾಕಿ ಮುಚ್ಚಿದ್ದಳು.

"ಒಳಗೆ ಹುದುಗು ಬಂದ್ರೆ ಗಾಳಿ ಈ ನಳಿಗೆಯ ನೀರಿನಲ್ಲಿ ಗುಳುಗುಳು ಅಂತ ಹೊರಗೆ ಬರುತ್ತೆ ಅಂದಿದ್ರು ಸಾರ್. ಒಂದು ಗುಳ್ಳೆನೂ ಬರ್ಲಿಲ್ಲ. ನಮ್ಮ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ತೊಟ್ಟೀಲಿ ಕಾಫಿ ಬೀಜ ಒಂದೂವರೆ ದಿನಕ್ಕೆ ಲೋಳೆ ಬಿಟ್ಟು, ಕೈಗೆ ತರಿತರಿ ಸಿಗುತ್ತೆ. ಅದಕ್ಕಿಂತ ಒಂದು ಗಂಟೆ ಹೆಚ್ಚು ಬಿಟ್ರೆ ನಾರುತ್ತೆ. ನಾನು ಅದೇ ಲೆಕ್ಕ ಹಿಡಿದೆ. ಎರಡು ದಿನ ಆದ್ರೂ ನಳಿಗೆ ಸುಮ್ಮನಿತ್ತು. ಕೆಟ್ಟೋಯ್ತು ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ದೆ."

ಕಾಫಿ ತೊಟ್ಟಿಯ ಗಡಿಯಾರ ಹಿಡಿದು ಬಿಯರನ್ನು ಅಳೆದಿದ್ದಾಳೆ! ಈ ಬೆಟ್ಟದ ಸಾಲಿನಲ್ಲಿ ಹುಟ್ಟಿದವರು ಬಿಟ್ಟರೆ ಇನ್ಯಾರೂ ಮಾಡದ ತಪ್ಪು. ನಗು ಬಂತು. ಚಂದನ್ ಮಾತ್ರ ಕೈಯಲ್ಲಿದ್ದ ಕಾಗದ ಎತ್ತಿ ತೋರಿಸಿದ.

"ಕೇಳಿದ್ರಲ್ಲ ಸಾರ್? ಹುದುಗೇ ಬಂದಿಲ್ಲ. ಬರೀ ಕೊಳೆತಿದೆ" ಅಂದ.

"ಬಾಯಿ ಮುಚ್ಕೊಂಡು ಕಿವಿ ಕೊಡು."

ಗೋಣಿ ಸರಿಸಿ ಡ್ರಮ್ಮಿನ ಮೈಗೆ ಕಿವಿ ಹಚ್ಚಿದೆ. ದೋಸೆಹಿಟ್ಟಿನ ಪಾತ್ರೆಗೆ ಕಿವಿಯಿಟ್ಟರೆ ಕೇಳುತ್ತದಲ್ಲ, ಅಂಥ ಸಣ್ಣ ಚಿರಿಚಿರಿ ಸದ್ದು. ಮುಚ್ಚಳದ ಅಂಚಿನ ಸುತ್ತ ಮೂಗು ಆಡಿಸಿದೆ. ಒಂದು ಕಡೆ ತಣ್ಣನೆಯ ಗಾಳಿ ಮೂಗಿಗೆ ಚುರುಕ್ ಅಂತ ಹೊಡೆಯಿತು.

"ದೇವೀರಮ್ಮಾ! ಒಂದು ಹಿಡಿ ರಾಗಿ ಹಿಟ್ಟು ಗಟ್ಟಿಯಾಗಿ ಕಲಸ್ಕೊಂಡು ಬಾ."

"ಈಗ ಮುದ್ದೆ ತಿರುವೋ ಹೊತ್ತಾ ಸೋಮಿ?"

"ತಿನ್ನೋಕಲ್ಲ ಮಾರಾಯ್ತಿ, ತಗೊಂಡು ಬಾ."

ಕಳ್ಳಭಟ್ಟಿಯವರು ಮಡಕೆ ಒಲೆಗೇರಿಸುವಾಗ ಹಬೆ ಹೋಗದಂತೆ ಬಾಯಿಗೆ ಹಿಟ್ಟು ಮೆತ್ತುತ್ತಾರೆ. ಎಷ್ಟೋ ಮಡಕೆಗಳ ಹಿಟ್ಟನ್ನು ನಾನೇ ಕಿತ್ತಿದ್ದೇನೆ. ಈಗ ನನ್ನ ಕೈಯಾರೆ ಮೆತ್ತುವ ಕಾಲ ಬಂತು. ಮುಚ್ಚಳದ ಅಂಚಿಗೆ ಸುತ್ತಲೂ ರಾಗಿ ಹಿಟ್ಟು ಒತ್ತಿ, ಬೆರಳಿನಿಂದ ಸವರಿ, ಒಂದು ಕೂದಲು ತೂರದಂತೆ ಬಿಗಿ ಮಾಡಿದೆ.

ಎಲ್ಲರೂ ನಳಿಗೆಯನ್ನೇ ನೋಡುತ್ತ ನಿಂತೆವು. ನೀರು ಅಲುಗಲಿಲ್ಲ. ಹೊರಗೆ ಕಣದಲ್ಲಿ ಕಾಫಿ ಕೆದಕುವ ಹಲಗೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ದೀಪಶ್ರೀ ಉಗುರು ಕಚ್ಚುತ್ತಿದ್ದಳು. ಚಂದನ್ ಗಡಿಯಾರ ನೋಡಿಕೊಂಡ.

"ಸಾರ್, ನನಗೆ ಸಕಲೇಶಪುರದಲ್ಲಿ ಮೀಟಿಂಗ್..."

ಗುಳಕ್.

ದೇವೀರಮ್ಮ "ಅವ್ವಲೇ!" ಎಂದು ಹಾರಿಬಿದ್ದಳು.

ಗುಳಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಗುಳಕ್.

"ಕೇಳ್ತಾ ಚಂದನ್? ಉಸಿರಾಡ್ತಾ ಇದೆ. ನೀರಿನ ಡ್ರಮ್ಮಿನ ಮುಚ್ಚಳ ಗಾಳಿ ಹಿಡಿಯೋಕೆ ಮಾಡಿದ್ದಲ್ಲ, ಸಂದಿಯಿಂದ ಗಾಳಿ ಹೋಗ್ತಿತ್ತು. ಅದಕ್ಕೇ ನಳಿಗೆ ಮಾತಾಡ್ಲಿಲ್ಲ. ನಳಿಗೆ ಸುಮ್ಮನಿದ್ರೆ ಬಿಯರ್ ಸತ್ತಿದೆ ಅಂತ ಅರ್ಥ ಅಲ್ಲ."

ದೀಪಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೊಲೆಯತ್ನದ ಆಪಾದನೆ ತಲೆಯ ಮೇಲೆ ತೂಗುತ್ತಿದ್ದರೂ, "ಬಂದಿದೆಯಾ ಸಾರ್? ನಿಜವಾಗ್ಲೂ ಹುದುಗು ಬಂದಿದೆಯಾ?" ಎಂದು ಕೇಳಿದಾಗ ಅವಳ ಮುಖದಲ್ಲಿ ಇದ್ದದ್ದು ಬರೀ ಸಂತೋಷ. ವಿಷ ಹಾಕಿದವಳು ಹಾಗೆ ಕೇಳುವುದಿಲ್ಲ.

"ಹುದುಗು ಬಂದ್ರೆ ವಿಷ ಇಲ್ಲ ಅಂತಾಯ್ತಾ ಸಾರ್?" ಎಂದ ಚಂದನ್.

ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನೋಡೋಣ ತಾಳು. ಅಳತೆಗೆ ಏನಾದರೂ ಇಟ್ಟಿದ್ದೀಯೇನಮ್ಮಾ?"

ಅವಳು ಕಪಾಟಿನಿಂದ ತಂದದ್ದು ಹಾಲಿನ ಡೇರಿಯ ಲ್ಯಾಕ್ಟೋಮೀಟರ್. ಹಾಲಿಗೆ ನೀರು ಹಾಕಿದವರ ಬಣ್ಣ ಬಯಲು ಮಾಡುವ ಅದೇ ಗಾಜಿನ ಕಡ್ಡಿ. ಬಿಳಿಯರು ಕೊಟ್ಟ ಕಡ್ಡಿ ತೊಳೆಯುವಾಗ ಒಡೆಯಿತಂತೆ. ಡೇರಿಯಿಂದ ಕೇಳಿ ತಂದಿದ್ದಾಳೆ.

"ಮೊದಲ ದಿನ ಇದು ಮುಳುಗ್ಲೇ ಇಲ್ಲ ಸಾರ್. ಅಂಕಿಗಳೆಲ್ಲ ಮೇಲೇ ನಿಂತಿದ್ವು."

"ಪಾಕ ಗಟ್ಟಿಯಿತ್ತಲ್ಲ, ಸಕ್ಕರೆ ಎತ್ತಿ ಹಿಡಿದಿತ್ತು. ಈಗ ಬಿಟ್ಟು ನೋಡು."

ನಲ್ಲಿ ತಿರುಗಿಸಿ ಉದ್ದನೆಯ ಲೋಟಕ್ಕೆ ಹಿಡಿದೆವು. ಮಸುಕಾದ ಜೇನಿನ ಬಣ್ಣ. ಕಡ್ಡಿಗೆ ಗಾಳಿಗುಳ್ಳೆ ಅಂಟಿ ಸುಳ್ಳು ಹೇಳದಂತೆ ಬೆರಳಿನಲ್ಲಿ ಒಮ್ಮೆ ತಿರುಗಿಸಿ ಬಿಟ್ಟೆ. ಅದು ಕುಣಿದು ಕುಣಿದು ಕತ್ತಿನವರೆಗೆ ಇಳಿದು ನಿಂತಿತು.

"ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸ್ತಾ ಬಂದಿದೆ. ವಿಷ ಬಿದ್ದಿದ್ರೆ ಈಸ್ಟ್ ಹಿಂಗೆ ಲಕ್ಷಣವಾಗಿ ಉಣ್ತಿತ್ತಾ? ಕೊನೆಗೆ ರುಚಿ ನೋಡ್ಬೇಕು. ಆದ್ರೆ ನಾನು..."

ಮಾತು ಮುಗಿಯುವ ಮೊದಲೇ ದೇವೀರಮ್ಮ ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಲ್ಯಾಕ್ಟೋಮೀಟರ್ ಎತ್ತಿ ದೀಪಶ್ರೀಯ ಕೈಗೆ ಕೊಟ್ಟು, ಗಟಗಟ ಅರ್ಧ ಲೋಟ ಇಳಿಸಿಬಿಟ್ಟಳು.

"ಏಯ್! ಏನ್ ಮಾಡ್ತಿದ್ದೀಯ? ಕರಿಯಪ್ಪ ಬಿದ್ದಿರೋದು ಗೊತ್ತಿಲ್ವಾ?" ಎಂದು ಕೂಗಿದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಚಂದನ್ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾನು ಎತ್ತಿ ಆಡಿಸಿದ ಮಗ ಇದು. ಇದರ ಕೈಯಿಂದ ವಿಷ ಅಂತೆ, ವಿಷ! ಬರ್ಕೊಳ್ಳಪ್ಪಾ ನಿನ್ ಕಾಗದದಾಗೆ, ದೇವೀರಮ್ಮ ಕುಡುದ್ಲು, ನೆಟ್ಟಗೆ ನಿಂತವ್ಳೆ ಅಂತ. ವರ್ಸ ವರ್ಸ ನಾನು ನೆಲ್ಲಿಕಾಯಿ ವೈನು ಮಾಡಿ ಬಾಟ್ಲಿ ಕೊಟ್ರೆ ಊರಿನ ಗೌಡ್ರೆಲ್ಲ ಭೇಷ್ ಅಂತಾರೆ. ಈ ಕೂಸು ಬಿಯರ್ ಮಾಡುದ್ರೆ ಮನೆ ಮರ್ವಾದೆ ಹೋಗ್ಬುಡ್ತದಾ?"

"ರುಚಿ ಹೆಂಗಿದೆ?" ಎಂದೆ.

"ಥೂ! ಕಿರಾತಕಡ್ಡಿ ಕಸಾಯ ಇದ್ದಂಗೈತೆ. ಬರೀ ಕಹಿ. ಹುಡುಕುದ್ರೂ ಸೀ ಇಲ್ಲ."

"ಅದೇ ಸರಿಯಾದ ರುಚಿ."

ಅಷ್ಟರಲ್ಲಿ ಅಂಗಳದಲ್ಲಿ ಜೀಪಿನ ಸದ್ದಾಯಿತು. ಹಲಸಿನ ಮರದ ನೆರಳಿನಲ್ಲಿ ತಂದು ನಿಲ್ಲಿಸಿ, ಬಾಗಿಲು ದಢಾರನೆ ಹಾಕಿ, ಬಿಳಿ ಅಂಗಿಯ ಭಾರಿ ಆಳು ಒಳಗೆ ಬಂದ. ದೀಪಶ್ರೀಯ ಚಿಕ್ಕಪ್ಪ ಯೋಗಾನಂದ. ಅಣ್ಣ ತೀರಿಕೊಂಡ ಮೇಲೆ ತೋಟ ಹೆಣ್ಣುಮಗಳ ಕೈಗೆ ಹೋಯಿತಲ್ಲ ಎಂದು ಇವನ ಹೊಟ್ಟೆ ಉರಿಯುವುದು ಸಕಲೇಶಪುರದ ಪೇಟೆಗೆಲ್ಲ ಗೊತ್ತು.

"ಇನ್ನೂ ಸುರಿದಿಲ್ವಾ ಇನ್ಸ್‌ಪೆಕ್ಟ್ರೇ? ಇವರು ಯಾರು, ರಿಟೈರಾದ ರುದ್ರಯ್ಯನೋರಾ? ಸರ್ಕಾರ ಮನೆಗೆ ಕಳ್ಸಿದ್ರೂ ಮೂಗು ತೂರಿಸೋದು ಬಿಟ್ಟಿಲ್ಲ."

"ಮೂಗಿಗೆ ಪೆನ್ಷನ್ ಕೊಡ್ಲಿಲ್ಲ ಗೌಡ್ರೇ, ಅದಕ್ಕೇ ಇನ್ನೂ ದುಡೀತಿದೆ."

"ಚಿಕ್ಕಪ್ಪಾ, ಬಿಯರ್ ಚೆನ್ನಾಗಿದೆಯಂತೆ. ಕೆಟ್ಟಿಲ್ಲ" ಎಂದಳು ದೀಪಶ್ರೀ.

"ಸುಮ್ನಿರೇ! ಬಿಳಿಯರನ್ನ ಮನೇಲಿಟ್ಕೊಂಡು ಅನ್ನ ಬಡಿಸಿದ್ದು ಸಾಲದು ಅಂತ ಹೆಂಡ ಕಾಯ್ಸೋಕೆ ಕೂತ್ಳು. ನಮ್ಮ ಮನೆತನದಲ್ಲಿ ಯಾರಾದ್ರೂ ಜೈಲು ನೋಡಿದ್ರಾ? ಕರಿಯಪ್ಪನ ಹೆಂಡ್ತಿ ಮಕ್ಕಳ ಮುಖ ಹೆಂಗೆ ನೋಡ್ತೀಯ?"

ಹುಡುಗಿ ಕುಗ್ಗಿಹೋದಳು. ಅಣ್ಣನ ಮಗಳ ಬೆನ್ನಿಗೆ ನಿಲ್ಲಬೇಕಾದವನು ಅವಳನ್ನು ಗುಂಡಿಗೆ ತಳ್ಳಿ ಮಣ್ಣು ಎಳೆಯುತ್ತಿದ್ದಾನೆ! ನಾನು ಅವರಿಬ್ಬರ ನಡುವೆ ಹೋಗಿ ನಿಂತೆ.

"ಗೌಡ್ರೇ, ಟಾರ್ಚ್ ಹಿಡೀತೀರಾ? ಒಂದು ತಮಾಷೆ ತೋರಿಸ್ತೀನಿ."

ಅವನು ಹಿಡಿಯಲಿಲ್ಲ. ಚಂದನ್ ಸಹ ಕೈ ಚಾಚಲಿಲ್ಲ. ಅಬಕಾರಿ ಜೀಪಿನ ಡ್ರೈವರ್ ಕುಳ್ಳಯ್ಯ ಬಾಗಿಲಲ್ಲಿ ಇಣುಕುತ್ತಿದ್ದ. ನಾನು ಗೋಣಿ ಪೂರ್ತಿ ಕಳಚಿದ ಮೇಲೆ ಅವನೇ ಬಂದು ಡ್ರಮ್ಮಿನ ಹಿಂದೆ ಟಾರ್ಚ್ ಹಿಡಿದ. ಬಿಳಿ ಪ್ಲಾಸ್ಟಿಕ್ಕಿನ ಒಳಗಿರುವುದೆಲ್ಲ ನೆರಳಿನಂತೆ ಕಂಡಿತು.

"ದೀಪಮ್ಮ, ನೀನು ತುಂಬಿದ್ದು ಎಲ್ಲೀವರೆಗೆ?"

ಅವಳು ಹೊರಮೈಯ ಮೇಲೆ ಇದ್ದಿಲಿನಲ್ಲಿ ಹಾಕಿದ್ದ ಗೆರೆ ತೋರಿಸಿದಳು. ಬಿಯರ್ ಅದಕ್ಕಿಂತ ಕೆಳಗಿತ್ತು. ನಾವು ಈಗ ತೆಗೆದ ಒಂದು ಲೋಟಕ್ಕೆ ಅಷ್ಟು ಇಳಿಯುವುದು ಸಾಧ್ಯವೇ ಇಲ್ಲ.

"ನೀನೇ ತೆಗೆದೆಯಾ?"

"ಇಲ್ಲ ಸಾರ್. ಕಡ್ಡಿ ಬಿಟ್ಟು ನೋಡಿದ್ದನ್ನ ವಾಪಸ್ ಸುರಿದೆ. ಕೆಟ್ಟೋಯ್ತು ಅಂದ ಮೇಲೆ ಯಾಕೆ ತೆಗೀಲಿ?"

"ಬಿಳಿಯರು ಕೊಟ್ಟ ಬಾಟಲಿ ಎಷ್ಟಿದೆ ನೋಡು."

ಕಪಾಟಿನಲ್ಲಿ ಮೂರೇ ಇದ್ದವು. ದೀಪಶ್ರೀ ಬಿಟ್ಟ ಬಾಯಿ ಮುಚ್ಚಲಿಲ್ಲ. ಕರಿಯಪ್ಪನ ಪಕ್ಕ ಸಿಕ್ಕಿದ್ದು ಒಂದು. ಅದು ಪರೀಕ್ಷೆಗೆ ಹೋಗಿದೆ. ಇನ್ನೆರಡು ಎಲ್ಲಿ?

"ಈಗ ಇಲ್ಲಿ ನೋಡಿ" ಎಂದು ಡ್ರಮ್ಮಿನ ಒಳಗೋಡೆಗೆ ಅಂಟಿದ ಕಂದು ಪಟ್ಟಿ ತೋರಿಸಿದೆ. "ಈಸ್ಟ್ ಹಾಕಿದ ಮಾರನೇ ದಿನದಿಂದ ನೊರೆ ಉಕ್ಕಿ ಏರುತ್ತೆ. ಆಮೇಲೆ ಇಳಿದು, ಗೋಡೆಗೆ ಹಿಂಗೆ ಕಲೆ ಬಿಡುತ್ತೆ. ಹಾಲು ಉಕ್ಕಿ ಇಳಿದ ಪಾತ್ರೆ ನೋಡಿಲ್ವಾ, ಹಂಗೆ. ನೊರೆ ಇಳಿದ ಮೇಲೆ, ಶನಿವಾರ ಯಾರಾದ್ರೂ ಬಾಟಲಿ ತುಂಬಿದ್ರೆ, ಬಿಯರ್ ಕೆಳಗಿಳಿದು, ಕಲೆಗೂ ಬಿಯರಿಗೂ ನಡುವೆ ಒಂದು ಬಿಳಿ ಪಟ್ಟಿ ಕಾಣ್ಬೇಕಿತ್ತು. ಕಾಣ್ತಿದೆಯಾ ಕುಳ್ಳಯ್ಯ?"

"ಒಂದು ಕೂದ್ಲೆಳೆ ಇರ್ಬೋದು ಸಾರ್. ಅಷ್ಟೇಯ."

"ಅದು ನಾವು ಈಗ ತೆಗೆದ ಲೋಟ. ಅಂದ್ರೆ, ಆ ಮೂರು ಬಾಟಲಿ ತುಂಬಿದ್ದು ನೊರೆ ಏಳೋಕೆ ಮುಂಚೆ. ಹೋದ ಸೋಮವಾರವೇ. ಅವತ್ತೇ ಯಾರೋ ಬಂದು ಕದ್ದು ತುಂಬಿಕೊಂಡು ಹೋಗಿದ್ದಾರೆ. ಶನಿವಾರ ದೀಪಶ್ರೀ ನಲ್ಲಿ ಬಿಟ್ಟು ಕರಿಯಪ್ಪನಿಗೆ ಕುಡಿಸಿದ್ಳು ಅನ್ನೋ ಕಥೆ ಇಲ್ಲಿಗೆ ಮುಗೀತು. ಬಾಟಲಿಗೆ ಏನಾದ್ರೂ ಬೆರೆಸಿದ್ರೆ, ಬೆರೆಸಿದವನು ಆ ಕಳ್ಳ."

ಯೋಗಾನಂದ ಗಟ್ಟಿಯಾಗಿ ನಕ್ಕ. ಆ ನಗುವಿನಲ್ಲಿ ಬೆವರಿತ್ತು.

"ಏನ್ ಕಥೆ ಕಟ್ತೀರಿ ರುದ್ರಯ್ಯನೋರೇ! ಈ ದರಿದ್ರವನ್ನ ಯಾವನು ಕದೀತಾನೆ? ಬೆಲ್ಲದ ಪಾನಕ ಇದ್ದಂಗೆ ಸೀ ಅಂದ್ರೆ ಸೀ, ಬಾಯಿಗೆ ಅಂಟ್ಕೊಳ್ಳುತ್ತೆ. ಇದನ್ನ ಬಿಯರ್ ಅಂತಾರಾ?"

ದೇವೀರಮ್ಮ ಕೈಯಲ್ಲಿದ್ದ ಲೋಟ ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಸೀ ಎಲ್ಲೈತೆ ಗೌಡ್ರೇ? ಕಹಿ ಕಹಿ ಐತೆ" ಎಂದಳು.

"ಈಗ ಕಹಿ" ಎಂದೆ ನಾನು. "ಸಕ್ಕರೆ ಪೂರ್ತಿ ಇದ್ದದ್ದು ಸೋಮವಾರ. ಗೌಡ್ರೇ, ನೀವು ಹಾಸನದಿಂದ ನಿನ್ನೆ ತಾನೇ ಬಂದ್ರಿ. ದೀಪಾವಳಿ ಆದ ಮೇಲೆ ಈ ತೋಟಕ್ಕೆ ಕಾಲಿಟ್ಟಿಲ್ಲ ಅಂತ ನೀವೇ ಎಲ್ಲರ ಹತ್ರ ಹೇಳಿದ್ದೀರಂತೆ, ದೇವೀರಮ್ಮ ಬಸ್ಸಲ್ಲಿ ಹೇಳಿದ್ಲು. ಮತ್ತೆ ಆ ಸೀ ನಿಮ್ಮ ನಾಲಗೆಗೆ ಯಾವಾಗ ತಾಗ್ತು?"

ಅವನ ಮುಖದ ಬಣ್ಣ ಬಾಡಿತು. ಬಲಗೈ ತಾನಾಗಿಯೇ ಹೋಗಿ ಮೀಸೆ ಒರೆಸಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ.

"ಯಾರೋ... ಕರಿಯಪ್ಪ ಹೇಳಿದ್ದ."

"ಕರಿಯಪ್ಪ ಬಾಯಿ ಬಿಡೋ ಸ್ಥಿತೀಲಿಲ್ಲ. ಒಳ್ಳೇ ಸಾಕ್ಷಿ ಹಿಡಿದ್ರಿ!"

"ಫೋನಲ್ಲಿ ಹೇಳಿದ್ದ ಕಣ್ರೀ! ಹೋದ ವಾರ! ನನ್ನ ಮನೇಲಿ ನನ್ನನ್ನೇ ಕಟಕಟೆಗೆ ಹತ್ತಿಸ್ತೀರಾ?"

"ಇದು ನಿಮ್ಮ ಮನೆಯಲ್ಲ ಚಿಕ್ಕಪ್ಪಾ" ಎಂದಳು ದೀಪಶ್ರೀ.

ಮೊದಲ ಸಲ ಅವಳ ದನಿ ನಡುಗಲಿಲ್ಲ. ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು.

"ಗೌಡ್ರೇ, ಒಂದು ಮಾತು ತಿಳ್ಕೊಂಡಿರಿ" ಎಂದೆ. "ಸೋಮವಾರದ ಬಿಯರಿನಲ್ಲಿ ಈಸ್ಟ್ ಇನ್ನೂ ಹಸಿದಿತ್ತು. ಅದನ್ನ ತುಂಬಿ ಬಿರಡೆ ಬಿಗಿದ್ರೆ ಗಾಳಿ ಹೋಗೋಕೆ ದಾರಿಯಿಲ್ಲ. ತಣ್ಣಗಿರೋ ಕಡೆ ಹೇಗೋ ತಡ್ಕೊಳ್ಳುತ್ತೆ. ಬಿಸಿಲು ತಾಗ್ತೋ, ಆಟಂ ಬಾಂಬೇ. ಆ ಎರಡು ಬಾಟಲಿ ಯಾರ ಹತ್ರ ಇದೆಯೋ ಅವರ ಕೈ, ಕಣ್ಣು ಹೋಗುತ್ತೆ. ಅದಕ್ಕೇ ಹೇಳ್ತಿದ್ದೀನಿ, ಇದ್ರೆ ಈಗಲೇ ಕೊಟ್ಟುಬಿಡಿ."

"ನನ್ನ ಹತ್ರ ಯಾವ ಬಾಟಲಿನೂ ಇಲ್ಲ!"

"ಜೀಪು ತೆಗೆದು ತೋರಿಸ್ತೀರಾ?"

ಚಂದನ್ ಬಾಗಿಲಿನ ಕಡೆ ತಿರುಗಿ, "ಕುಳ್ಳಯ್ಯ, ನಮ್ಮ ಜೀಪು ನೆರಳಿಗೆ ಹಾಕು ಹೋಗು. ಸೀಟು ಕಾದುಹೋಗಿರುತ್ತೆ" ಎಂದ.

"ನೆರಳಲ್ಲಿ ಗೌಡ್ರ ಜೀಪು ಐತೆ ಸಾರ್. ಜಾಗ ಇಲ್ಲ."

"ಹಾಕು ಅಂದ್ರೆ ಹಾಕು! ಇಲ್ಲಾಂದ್ರೆ ಕೀ ಇಲ್ಲಿ ಕೊಡು!"

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣೆಲ್ಲ ಯೋಗಾನಂದನ ಮೇಲೇ. ಅವನು ಆಗಲೇ ದಡದಡ ಅಂಗಳಕ್ಕೆ ಇಳಿದು, ತನ್ನ ಜೀಪಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆದು ಬಡಿಯುತ್ತಿದ್ದ. ನಾವೆಲ್ಲ ಹಿಂದೆಯೇ ಹೋದೆವು. ಕುಳ್ಳಯ್ಯನೂ ಟಾರ್ಚ್ ಹಿಡಿದುಕೊಂಡೇ ಬಂದ.

"ನೋಡ್ಕೊಳ್ಳಿ! ಸೀಟಿನ ಕೆಳಗೆ ನೋಡಿ! ಟೂಲ್ ಡಬ್ಬಿ ನೋಡಿ! ಎಲ್ಲಿದೆ ರೀ ನಿಮ್ಮ ಬಾಂಬು?"

ನೋಡಿದೆ. ಮಂಡಿಯೂರಿ, ಮೈಯೆಲ್ಲ ಧೂಳು ಮಾಡಿಕೊಂಡು ನೋಡಿದೆ. ಒಂದು ಜಾಕ್, ಹಳೇ ಕಂಬಳಿ, ಏಲಕ್ಕಿಯ ಖಾಲಿ ಚೀಲ. ಬಾಟಲಿ ಇರಲಿಲ್ಲ.

ಯೋಗಾನಂದನ ಮುಖಕ್ಕೆ ರಕ್ತ ವಾಪಸ್ ಬಂತು. "ಇನ್ಸ್‌ಪೆಕ್ಟ್ರೇ, ಈ ಮುದುಕನನ್ನ ಗೇಟಿನಾಚೆ ಹಾಕಿ, ಮೊದಲು ಆ ಡ್ರಮ್ಮು ಸುರೀರಿ. ಪೊಲೀಸ್ನೋರು ಬರೋ ಹೊತ್ತಾಯ್ತು."

ದೇವೀರಮ್ಮ ದೀಪಶ್ರೀಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಧೂಳು ಕೊಡವಿಕೊಳ್ಳುತ್ತ ಎದ್ದೆ.

ಢಮ್!

ಕಣದಲ್ಲಿ ಕಾಫಿ ಕೆದಕುತ್ತಿದ್ದವರು ಹಲಗೆ ಬಿಸಾಡಿ ಓಡಿದರು. ಯೋಗಾನಂದ ತನ್ನ ಜೀಪಿನ ಹಿಂದೆ ಕುಕ್ಕರಿಸಿದ. ನಾನು ತಿರುಗಿದೆ. ಸದ್ದು ಬಂದದ್ದು ನೆರಳಿನ ಕಡೆಯಿಂದಲ್ಲ. ಅಂಗಳದ ನಡುವೆ, ಸುಡುಬಿಸಿಲಿನಲ್ಲಿ ಬೆಳಗಿನಿಂದ ನಿಂತಿದ್ದ ಅಬಕಾರಿ ಇಲಾಖೆಯ ಜೀಪಿನಿಂದ. ಹಿಂದಿನ ಗಾಜು ಚೂರುಚೂರಾಗಿತ್ತು. ಬಾಗಿಲ ಸಂದಿಯಿಂದ ಬಿಳಿ ನೊರೆ ತೊಟ್ಟಿಕ್ಕಿ, 'ಕರ್ನಾಟಕ ಸರ್ಕಾರ' ಎಂದು ಬರೆದ ಅಕ್ಷರಗಳ ಮೇಲೆ ಇಳಿಯುತ್ತಿತ್ತು.

ಕುಳ್ಳಯ್ಯ ಇಣುಕಿ ನೋಡಿ ಬೆಚ್ಚಿ ಹಿಂದೆ ಸರಿದ. "ಸಾರ್... ಹಿಂದಿನ ಸೀಟಿನ ಕೆಳಗೆ ಗೋಣೀಲಿ ಸುತ್ತಿ ಇಟ್ಟವ್ರೆ. ಪಿಂಗಾಣಿ ಬಿರಡೆ ಬಾಟ್ಲಿ. ಇನ್ನೊಂದು ಹಂಗೇ ಐತೆ ಸಾರ್, ಸಿಡಿದಿಲ್ಲ."

ಎಲ್ಲರೂ ಜೀಪನ್ನು ನೋಡುತ್ತಿದ್ದರು. ಚಂದನ್ ಒಬ್ಬನೇ ಆ ಕಡೆ ತಿರುಗಿರಲಿಲ್ಲ.

ಆಗ ನನಗೆ ಬೆಳಗಿನ ಆ ಕೈ ನೆನಪಾಯಿತು. ಸುತ್ತಲೂ ಗೋಣಿ ಮುಚ್ಚಿದ ಡ್ರಮ್ಮು, ಗೋಡೆಗೆ ತಿರುಗಿದ್ದ ನಲ್ಲಿ. ಈ ತೋಟದ ಗೇಟನ್ನೇ ಇವತ್ತು ನೋಡಿದವನು ತಡಕಾಡದೆ, ಬಗ್ಗಿ ಹುಡುಕದೆ, ನೇರವಾಗಿ ಆ ನಲ್ಲಿಗೆ ಕೈ ಹಾಕಿದ್ದ. ಸೋಮವಾರ ಬಂದು ಬಾಟಲಿ ತುಂಬಿದವನು ಇವನೇ, ಗೌಡನ ನಾಲಗೆಗೆ ಆ ಸೀ ತಾಗಿದ್ದೂ ಇವನ ಕೈಯಿಂದಲೇ ಇರಬೇಕು. ಕಣ್ಣೆದುರಿಗೇ ಕಂಡಿದ್ದೆ. ನನ್ನ ಹುಡುಗ ಅಂತ ಸುಮ್ಮನಾದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ನಾನು ಪಕ್ಕದ ಮನೆಯ ದನ ಅಟ್ಟುತ್ತ ನಿಂತಿದ್ದೆ!

"ಲೋ ಚಂದನ್" ಎಂದೆ. "ನಾನು ಕಲಿಸಿದ ಕೆಲಸವೇನೋ ಇದು?"

ಅವನು ಶಾಂತವಾಗಿ ಕುಳ್ಳಯ್ಯನ ಕೈಯಿಂದ ಜೀಪಿನ ಕೀ ತೆಗೆದುಕೊಂಡ. ಎದೆಯ ಜೇಬಿನಲ್ಲಿದ್ದ ದೀಪಶ್ರೀಯ ಹೇಳಿಕೆಯ ಮೇಲೆ ಒಮ್ಮೆ ಕೈಯಾಡಿಸಿದ.

"ಆ ಡ್ರಮ್ಮು ಸುರಿಯೋಕೆ ಬಿಟ್ಟಿದ್ರೆ ಎಲ್ಲಾ ಮುಗಿದುಹೋಗ್ತಿತ್ತು ಸಾರ್" ಎಂದ. "ಆ ಬಾಟಲಿ ಕೊಟ್ಟಿದ್ದು ಯಾರು ಅಂತ ಗೊತ್ತಿರೋನು ಕರಿಯಪ್ಪ. ಈಗ ಅವನು ಕಣ್ಣು ಬಿಡೋಕೆ ಮುಂಚೆ ನಾನು ಹಾಸನ ಸೇರ್ಬೇಕು."